ಕೈತುತ್ತು ನಿಂತ ವರ್ಷ

ನೀವಿಬ್ಬರೂ ಒಂದು ವರ್ಷ ನನ್ನ ಮೇಲೆ ಮುನಿಸಿಕೊಂಡಿದ್ದಿರಿ. ಸಂಜೆ ಹಜಾರದಲ್ಲಿ ಕೂತು, ಬೋಗುಣಿಯಲ್ಲಿ ಅನ್ನ, ಸಾರು, ತುಪ್ಪ ಕಲಸಿ, ಎದುರಿಗೆ ಕೂತ ನಿಮ್ಮ ಅಂಗೈಗೆ ಒಂದೊಂದೇ ತುತ್ತು ಇಡುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟೆ. ಅಜ್ಜಿಗೆ ಕೈನೋವು ಎಂದು ನಿಮ್ಮಮ್ಮ ಹೇಳಿದಳು. ನೀವು ನಂಬಲಿಲ್ಲ. “ಕೈನೋವಿದ್ರೆ ಹೂ ಹೆಂಗೆ ಕಟ್ತೀಯ?” ಎಂದು ದೊಡ್ಡವಳು ಒಂದು ದಿನ ಕೇಳಿಯೇಬಿಟ್ಟಳು. ನಾನು ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಎದುರಿಗೆ ನಿಂತು ಇಂಥದ್ದನ್ನು ಹೇಳಲು ನನಗೆ ಬಾರದು.

ಈಗ ದೊಡ್ಡವಳು ಪಿಯುಸಿಗೆ ಬಂದಿದ್ದಾಳೆ. ಅವಳ ಬಯಾಲಜಿ ಪುಸ್ತಕದಲ್ಲಿ ವಿಷಮಶೀತ ಜ್ವರದ ಪಾಠವಿದೆಯಂತೆ. ಟೈಫಾಯ್ಡ್ ಎನ್ನುತ್ತೀರಲ್ಲ, ಅದೇ. ಆ ಪಾಠ ಓದುವ ಮೊದಲು ನಾನು ಬರೆದದ್ದನ್ನೂ ಓದಲಿ ಎಂದು ಕೂತಿದ್ದೇನೆ. ಸ್ವಲ್ಪ ಬರೆದರೆ ಕಣ್ಣು ಮಂಜಾಗುತ್ತದೆ, ಬಿಟ್ಟು ಮತ್ತೆ ಬರೆಯುತ್ತೇನೆ. ಒಂದೇ ಸಮ ಇಲ್ಲದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಕತ್ರಿಗುಪ್ಪೆಯ ನಮ್ಮ ಮನೆಯ ಟೆರೇಸಿನ ಮೇಲಿನ ರೂಮಿನಲ್ಲಿ ಆಗ ಒಬ್ಬ ಹುಡುಗಿ ಬಾಡಿಗೆಗೆ ಇದ್ದಳು. ನೀವು ಅವಳನ್ನು ಮೇಲಿನಕ್ಕ ಎನ್ನುತ್ತಿದ್ದಿರಿ. ಅರಸೀಕೆರೆ ಕಡೆಯವಳು. ಡಾಕ್ಟರ್ ಓದಿನ ಎರಡನೇ ವರ್ಷದಲ್ಲಿದ್ದಳು. ಕಣ್ಣಿಗೆ ಕಾಣದ ಕ್ರಿಮಿಗಳ ವಿಷಯ, ಮೈಕ್ರೋಬಯಾಲಜಿ, ಅವಳಿಗೆ ಆ ವರ್ಷದ ದೊಡ್ಡ ಕಷ್ಟ. ಗಟ್ಟಿಯಾಗಿ ಹೇಳಿಕೊಂಡರೆ ಮಾತ್ರ ತಲೆಗೆ ಹತ್ತುತ್ತಿತ್ತು. ನಾನು ಸಂಡಿಗೆ ಹಾಕಲು ಮೇಲೆ ಹೋದಾಗಲೆಲ್ಲ ಅವಳು ಪುಸ್ತಕ ಹಿಡಿದು ನೀರಿನ ಟ್ಯಾಂಕಿನ ಸುತ್ತ ಓಡಾಡುತ್ತಿರುತ್ತಿದ್ದಳು. ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಎಂಬ ಮಾತು ಪದೇಪದೇ ಕಿವಿಗೆ ಬೀಳುತ್ತಿತ್ತು. ಬಹಳ ದಿನ ಸುಮ್ಮನಿದ್ದು, ಒಮ್ಮೆ ಕೇಳಿದೆ.

“ಎಷ್ಟು ಗ್ರಾಂ ಇರ್ತದವ್ವ ಅದು?”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗುತ್ತಾ ನೆಲಕ್ಕೇ ಕೂತಳು. “ಅಯ್ಯೋ ಅಜ್ಜಿ, ತೂಕ ಅಲ್ಲ ಅದು. ಬಣ್ಣ ಹಾಕೋ ವಿಧಾನ ಕಂಡುಹಿಡಿದೋರ ಹೆಸರು. ನಾನೂ ಫಸ್ಟ್ ಕ್ಲಾಸಲ್ಲಿ ಹಂಗೇ ಅಂದ್ಕೊಂಡಿದ್ದೆ, ಯಾರಿಗೂ ಹೇಳ್ಬೇಡಿ.”

ಆಮೇಲೆ ತನ್ನ ಬೆರಳು ತೋರಿಸಿದಳು. ಉಗುರಿನ ಸುತ್ತ ನೇರಳೆ ಬಣ್ಣ ಹಿಡಿದಿತ್ತು. ಕ್ರಿಮಿಗಳಿಗೆ ಮೊದಲು ನೇರಳೆ ಬಣ್ಣ ಹಾಕುತ್ತಾರಂತೆ, ಆಮೇಲೆ ಸ್ಪಿರಿಟ್ಟಿನಂಥದ್ದರಲ್ಲಿ ತೊಳೆಯುತ್ತಾರಂತೆ. ಕೆಲವು ನೇರಳೆಯನ್ನು ಬಿಡುವುದೇ ಇಲ್ಲ. ಕೆಲವು ಬಿಟ್ಟುಬಿಡುತ್ತವೆ, ಅವಕ್ಕೆ ಗುಲಾಬಿ ಬಣ್ಣ ಹಾಕಿ ನೋಡುತ್ತಾರೆ. ಹೊಸ ಸೀರೆಗಳನ್ನು ಮೊದಲ ಸಲ ನೆನೆಸಿದಾಗ ಕೆಲವು ಬಣ್ಣ ಬಿಡುತ್ತವೆ, ಕೆಲವು ಬಿಡುವುದಿಲ್ಲ, ಹಾಗೆಯೇ ಎಂದುಕೊಂಡೆ. ಹೇಳಲು ನಾಚಿಕೆಯಾಯಿತು, ಹೇಳಲಿಲ್ಲ.

ಅವಳಿಗೆ ಹೊರಗಿನ ಊಟ ಒಗ್ಗುತ್ತಿರಲಿಲ್ಲ. ಸಂಜೆಯ ಹೊತ್ತು ನಾನೇ ಕ್ಯಾರಿಯರ್‌ನಲ್ಲಿ ಊಟ ಕಳಿಸುತ್ತಿದ್ದೆ. ನಿಮ್ಮ ತಾತ ಹೊಲ ಕೊಟ್ಟ ಮೇಲೆ ಕಾರ್ಖಾನೆ ಕೆಲಸಕ್ಕೆ ಹೋಗುವಾಗ ಒಯ್ಯುತ್ತಿದ್ದ ಸ್ಟೀಲಿನ ಕ್ಯಾರಿಯರ್ ಅದು. ಅವರು ಹೋದ ಮೇಲೆ ಅಟ್ಟದ ಮೇಲಿತ್ತು. ಕೆಳಗಿನ ಡಬ್ಬಿಯಲ್ಲಿ ಮುದ್ದೆ, ನಡುವೆ ಬಸ್ಸಾರು, ಮೇಲಿನದರಲ್ಲಿ ಕೋಸಂಬರಿಯೋ ಕೈಯಲ್ಲಿ ಕಲಸಿದ ಮೊಸರನ್ನವೋ. ಬೆಳಿಗ್ಗೆ ತೊಳೆದು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದಳು. ಒಮ್ಮೊಮ್ಮೆ ಖಾಲಿ ಡಬ್ಬಿಯಲ್ಲಿ ನಾಲ್ಕು ಮಲ್ಲಿಗೆ ಮೊಗ್ಗು ಇರುತ್ತಿತ್ತು. ಈ ಅಜ್ಜಿ ಮುಡಿಯುವುದಿಲ್ಲ ಎಂದು ಗೊತ್ತಿತ್ತು ಅವಳಿಗೆ. ದೇವರಿಗೆ ಎಂದು ಇಡುತ್ತಿದ್ದಳು.

ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ದಿನದಿಂದ ದಿನಕ್ಕೆ ಏರಿತು. ಅವಳ ಕಾಲೇಜಿನ ಆಸ್ಪತ್ರೆಯಲ್ಲೇ ಸೇರಿಸಿಕೊಂಡರು. ರಕ್ತ ತೆಗೆದು ಬಾಟಲಿಯ ತಿಳಿಸಾರಿನಂಥ ದ್ರವಕ್ಕೆ ಹಾಕಿ ಬೆಚ್ಚಗೆ ಇಟ್ಟರಂತೆ. ಅದರಲ್ಲಿ ಕ್ರಿಮಿ ಬೆಳೆಯಿತು. ವಿಷಮಶೀತ ಎಂದು ಗೊತ್ತಾಯಿತು. ಊರಿಂದ ಅವಳ ತಾಯಿ ಬಂದು ನೋಡಿಕೊಂಡರು. ತಿರುಗಿ ಬಂದಾಗ ಚೂಡಿದಾರ ಹ್ಯಾಂಗರಿಗೆ ಹಾಕಿದಂತಿತ್ತು.

“ಪಾನಿಪೂರಿ ತಿಂದೆ ಅಲ್ವಾ? ನಿಜ ಹೇಳು,” ಎಂದು ನಿಮ್ಮಪ್ಪ ರೇಗಿಸಿದ.

“ಇಲ್ಲ ಅಂಕಲ್, ಪಾನಿಪೂರಿ ತಿಂದು ತಿಂಗಳಾಯ್ತು.”

“ಹಂಗಾದ್ರೆ ಗೋಬಿ.”

“ಗೋಬಿ... ಒಂದ್ಸಲ.”

“ನೋಡಿದ್ರಾ!” ಎಂದು ಅವನು ಕೇಸು ಗೆದ್ದವನಂತೆ ಚಪ್ಪಾಳೆ ತಟ್ಟಿದ. ಎಲ್ಲರೂ ನಕ್ಕೆವು. ಆ ಗೋಬಿ ಗಾಡಿಯವನನ್ನು ನಾನೂ ಮನಸ್ಸಿನಲ್ಲಿ ಬೈದೆ. ಅವಳಿಗೆ ನಿತ್ರಾಣ ಎಂದು ಕ್ಯಾರಿಯರ್‌ಗೆ ಇನ್ನಷ್ಟು ಮೊಸರನ್ನ ತುಂಬಿದೆ.

ಬೇಸಿಗೆ ಬರುವಷ್ಟರಲ್ಲಿ ಚಿಕ್ಕವಳು ಮಲಗಿದಳು. ಚಿಕ್ಕವಳೇ, ನಿನಗೆ ಅದು ಅಷ್ಟಾಗಿ ನೆನಪಿಲ್ಲದಿರಬಹುದು. ನಾಲಿಗೆಯ ಮೇಲೆ ಬಿಳಿ ಕಟ್ಟಿತ್ತು. ಮೈ ಒಲೆಯಂತೆ ಸುಡುತ್ತಿತ್ತು. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದೆ. ಜಯನಗರದ ಆಸ್ಪತ್ರೆಯಲ್ಲಿ ನಿನ್ನ ಸಣ್ಣ ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು. ಅಲ್ಲಿಯೂ ರಕ್ತದಲ್ಲಿ ಅದೇ ಕ್ರಿಮಿ ಬೆಳೆಯಿತು. ನಿಮ್ಮಪ್ಪ ಮನೆಗೆ ಬಂದು ಟ್ಯಾಂಕು, ಸಂಪು ಎರಡನ್ನೂ ಖಾಲಿ ಮಾಡಿಸಿ ಉಜ್ಜಿಸಿದ. ನಿಮ್ಮಮ್ಮ ಸ್ಕೂಲಿನ ನೀರಿನ ಮೇಲೆ ಜಗಳಕ್ಕೆ ಹೋದಳು. ನಾನು ನಿನ್ನ ಹಾಸಿಗೆಯ ಪಕ್ಕ ಕೂತು, ಜ್ವರ ಇಳಿದಾಗ ಗಂಜಿ ಅನ್ನ ಹಿಸುಕಿ, ಬೆರಳಿನಲ್ಲಿ ನಿನ್ನ ಬಾಯಿಗೆ ಇಟ್ಟೆ.

ನೀನು ಮನೆಗೆ ಬಂದ ಮೇಲೆ ಮೇಲಿನಕ್ಕ ನೋಡಲು ಇಳಿದು ಬಂದಳು. ಮೇಜಿನ ಮೇಲಿದ್ದ ನಿನ್ನ ರಿಪೋರ್ಟನ್ನು ಸುಮ್ಮನೆ ಎತ್ತಿಕೊಂಡಳು. ಓದುತ್ತಾ ಓದುತ್ತಾ ಅವಳ ಮುಖ ಬದಲಾಯಿತು. “ಆಂಟಿ, ಇದರ ಫೋಟೋ ತಗೊಳ್ಲಾ?” ಎಂದು ನಿಮ್ಮಮ್ಮನನ್ನು ಕೇಳಿ, ತೆಗೆದುಕೊಂಡು, ನಿನಗೆ ತಂದ ಚಾಕೊಲೇಟನ್ನೂ ಕೊಡದೆ ಹೊರಟುಹೋದಳು. ಮಾರನೆಯ ದಿನ ಮೆಟ್ಟಿಲ ಮೇಲೆ ಕ್ಯಾರಿಯರ್ ಇರಲಿಲ್ಲ. ಸಂಜೆ ಊಟ ಬೇಡ ಎಂದಳು. ಅದರ ಮಾರನೆಯ ದಿನವೂ ಬೇಡ ಎಂದಳು. ನನ್ನಿಂದ ಏನಾದರೂ ತಪ್ಪಾಯಿತೋ, ನಿಮ್ಮಪ್ಪನ ತಮಾಷೆ ಅವಳಿಗೆ ನೋವಾಯಿತೋ ಎಂದು ಎರಡು ದಿನ ಒದ್ದಾಡಿದೆ. 

ಆಮೇಲೆ ಅವಳೇ ಬಂದಳು. ಮಧ್ಯಾಹ್ನದ ಹೊತ್ತು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ದುಪಟ್ಟಾದ ಅಂಚು ತಿರುಚುತ್ತಿದ್ದಳು.

“ಅಜ್ಜಿ, ನಾನು ಒಂದು ವಿಷ್ಯ ಹೇಳ್ತೀನಿ. ಬೇಜಾರ್ ಮಾಡ್ಕೋಬಾರ್ದು.”

“ಹೇಳವ್ವ.”

“ನಾನು ನಮ್ ಮೇಡಂನ ಕೇಳ್ದೆ. ಅವ್ರಿಗೂ ಹಂಗೇ ಅನ್ಸ್ತು. ನೀವು ಕ್ಯಾರಿಯರ್ ಇರ್ಬೋದು ಅಜ್ಜಿ.”

ನನಗೆ ಎಷ್ಟೋ ಸಮಾಧಾನವಾಯಿತು. ಕ್ಯಾರಿಯರ್ ವಿಷಯವೇ ಎಂದುಕೊಂಡೆ.

“ನನ್ ಹತ್ರ ಎಲ್ಲವ್ವ ಇದೆ? ನಿನ್ ರೂಮಲ್ಲೇ ಅದೆ. ತೊಳೀದೆ ಇಟ್ಟಿದ್ರೂ ಪರವಾಗಿಲ್ಲ, ಕೊಡು, ನಾನೇ ತೊಳ್ಕೋತೀನಿ. ಮುಚ್ಚಳ ಏನಾರ ಸೊಟ್ಟಾಯ್ತಾ?”

ಅವಳು ನನ್ನನ್ನೇ ನೋಡಿದಳು. ನಗು ಬಂತು ಅವಳಿಗೆ, ಅದರ ಹಿಂದೆಯೇ ಅಳು ಬಂತು. ಎರಡೂ ಒಟ್ಟಿಗೆ ಬಂದು ಮೂಗು ಒರೆಸಿಕೊಂಡಳು. “ಆ ಕ್ಯಾರಿಯರ್ ಅಲ್ಲ ಅಜ್ಜಿ,” ಎಂದಳು.

ಆಮೇಲೆ ನಿಧಾನವಾಗಿ ಹೇಳಿದಳು. ಕೆಲವರಿಗೆ ವಿಷಮಶೀತ ಬಂದು ವಾಸಿಯಾದ ಮೇಲೂ ಕ್ರಿಮಿ ಮೈ ಬಿಟ್ಟು ಹೋಗುವುದಿಲ್ಲವಂತೆ. ಪಿತ್ತಕೋಶದಲ್ಲಿ ಮನೆ ಮಾಡಿಕೊಂಡು ಉಳಿಯುತ್ತದೆ. ಇಟ್ಟುಕೊಂಡವರಿಗೆ ಜ್ವರವಿಲ್ಲ, ನೋವಿಲ್ಲ, ಏನೂ ಗೊತ್ತಾಗುವುದಿಲ್ಲ. ಮಲದಲ್ಲಿ ಆಗಾಗ ಹೊರಗೆ ಬರುತ್ತದೆ. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿದರೆ ಸಾಕು, ಊಟಕ್ಕೆ ಸೇರುತ್ತದೆ. ಹಾಗೆ ಹೊತ್ತು ತಿರುಗುವವರಿಗೆ ಇವರ ಓದಿನಲ್ಲಿ ಕ್ಯಾರಿಯರ್ ಎಂದು ಹೆಸರು.

“ನಾನೇ ಅಂತ ಹೆಂಗೆ ಹೇಳ್ತೀಯವ್ವ? ಗೋಬಿ ಗಾಡಿಯೋನು ಇರಬಹುದಲ್ಲ?”

ಅವಳು ಫೋನಿನಲ್ಲಿ ತನ್ನ ರಿಪೋರ್ಟು, ಚಿಕ್ಕವಳ ರಿಪೋರ್ಟು ಎರಡನ್ನೂ ತೋರಿಸಿದಳು. ತಟ್ಟೆಯಲ್ಲಿ ಕ್ರಿಮಿ ಬೆಳೆಸಿ, ಅದರ ಮೇಲೆ ಒಂದೊಂದು ಔಷಧಿಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುತ್ತಾರಂತೆ. ಔಷಧಿಗೆ ಕ್ರಿಮಿ ಸತ್ತರೆ ಬಿಲ್ಲೆಯ ಸುತ್ತ ಬಯಲಾಗುತ್ತದೆ. ಸಾಯದಿದ್ದರೆ ಬಿಲ್ಲೆಯವರೆಗೂ ಬೆಳೆಯುತ್ತದೆ. ಈಗ ಪೇಟೆಯಲ್ಲಿ ಓಡಾಡುವ ಕ್ರಿಮಿಗಳು ಮಾತ್ರೆ ನುಂಗಿ ನುಂಗಿ ಪಳಗಿಬಿಟ್ಟಿವೆ, ಕೆಲವು ಔಷಧಿಗೆ ಜಗ್ಗುವುದೇ ಇಲ್ಲ. ಇವರಿಬ್ಬರ ಕ್ರಿಮಿ ಮಾತ್ರ ಎಲ್ಲ ಔಷಧಿಗೂ ಸತ್ತಿತ್ತು.

“ಇಂಥದ್ದು ಈಗ ಕಮ್ಮಿ ಅಂತೆ ಅಜ್ಜಿ. ಒಂದೇ ಮನೇಲಿ ಎರಡು ಸಲ ಅಂದ್ರೆ... ಇದು ಹಳೇ ಕಾಲದ್ದು ಅಂದ್ರು ಮೇಡಂ. ಈ ಔಷಧಿಗಳು ಬರೋಕೆ ಮುಂಚೆನೇ ಯಾರದೋ ಮೈ ಸೇರಿ ಕೂತಿರ್ಬೇಕು. ಟೆಸ್ಟ್ ಮಾಡಿಸ್ದೆ ಗ್ಯಾರಂಟಿ ಹೇಳಕ್ಕಾಗಲ್ಲ. ನಿಮಗೆ ಚಿಕ್ಕೋರಿದ್ದಾಗ ಏನಾದ್ರೂ...”

 ಮಾಗಡಿ ಕಡೆಯ ನಮ್ಮ ಹಳ್ಳಿಯ ಮನೆ ನೆನಪಾಯಿತು. ಏಳನೇ ತರಗತಿಯಲ್ಲಿದ್ದೆ. ಆ ವರ್ಷ ನನಗೆ ವಿಷಮಶೀತ ಬಂತು. ತಲೆಗೂದಲೆಲ್ಲ ಉದುರಿ ಅಮ್ಮ ಸೆರಗು ಹೊದಿಸಿ ಕೂರಿಸುತ್ತಿದ್ದಳು. ಎದ್ದು ಓಡಾಡುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಮುಂದಿನ ವರ್ಷ ಸ್ಕೂಲಿಗೆ ಮತ್ತೆ ಹೋಗು ಎಂದು ಯಾರೂ ಹೇಳಲಿಲ್ಲ, ಹೋಗುತ್ತೇನೆ ಎಂದು ನಾನೂ ಕೇಳಲಿಲ್ಲ. ನನ್ನ ಓದು ಅಷ್ಟಕ್ಕೇ ನಿಂತಿತು. ಮದುವೆಯಾಗಿ ಕತ್ರಿಗುಪ್ಪೆಗೆ ಬಂದೆ. ಇಲ್ಲಿ ರಾಗಿ ಹೊಲವಿತ್ತು, ಅದು ಸೈಟಾಯಿತು. ನಿಮ್ಮಪ್ಪ ಹುಟ್ಟಿದ, ನಿಮ್ಮ ತಾತ ಹೋದರು. ಅಷ್ಟೂ ಕಾಲ ಅದು ನನ್ನ ಹೊಟ್ಟೆಯಲ್ಲಿ ಸುಮ್ಮನೆ ಕೂತಿತ್ತು ಎಂದರೆ ನಂಬಲು ಆಗಲಿಲ್ಲ. ತವರಿನಿಂದ ತಂದ ಪಾತ್ರೆಗಳಲ್ಲಿ ಒಂದೂ ಈಗ ಉಳಿದಿಲ್ಲ, ಇದೊಂದು ಉಳಿದಿತ್ತು.

“ಯಾವ್ ಯಾವ್ದ್ರಲ್ಲಿ ಹೋಗ್ತದವ್ವ ಅದು? ಸಾರಲ್ಲಿ?”

“ಸಾರು ಕುದೀತದಲ್ಲ ಅಜ್ಜಿ, ಸತ್ತೋಗುತ್ತೆ. ಮುದ್ದೆ ಬೇಯುವಾಗ್ಲೂ ಬದುಕಲ್ಲ.”

“ಮತ್ತೆ?”

ಅವಳು ತಲೆ ತಗ್ಗಿಸಿದಳು. “ಕೋಸಂಬರಿ. ಮಜ್ಜಿಗೆ. ಬೆಂದ ಮೇಲೆ ಕೈಯಲ್ಲಿ ಕಲಸಿದ್ದು.”

ಅವಳ ಪುಸ್ತಕ ಮಡಿಲಲ್ಲಿತ್ತು. ಆ ಪಾಠದಲ್ಲಿ ಹಳೆಯ ಕಾಲದ ಒಬ್ಬ ಹೆಂಗಸಿನ ಚಿತ್ರವಿತ್ತು. ಯಾವುದೋ ದೇಶದ ಅಡುಗೆಯವಳಂತೆ, ಕ್ಯಾರಿಯರ್ ಅಂತೆ. “ಆಮೇಲೆ ಏನ್ ಮಾಡಿದ್ರು ಇವಳ್ನ?” ಎಂದು ಕೇಳಿದೆ. “ಅದೆಲ್ಲ ಆಗಿನ ಕಾಲ ಅಜ್ಜಿ, ಈಗ ಔಷಧಿ ಇದೆ,” ಎಂದು ಪುಸ್ತಕ ಮುಚ್ಚಿದಳು. ಏನು ಮಾಡಿದರು ಎಂದು ಹೇಳಲಿಲ್ಲ. ಜನರಿಂದ ದೂರ ಎಲ್ಲೋ ಕೂಡಿಹಾಕಿರಬೇಕು ಎಂದು, ಹೇಳದೆ ಹೋದದ್ದರಿಂದಲೇ ನನಗೆ ಗೊತ್ತಾಯಿತು.

ಅಂದು ಸಂಜೆ ನೀವಿಬ್ಬರೂ ಎಂದಿನಂತೆ ಹಜಾರದಲ್ಲಿ ಬಂದು ಕೂತಿರಿ. ನಾನು ಬೋಗುಣಿ ತರಲಿಲ್ಲ.

ನಿಮ್ಮ ಅಪ್ಪ ಅಮ್ಮನಿಗೆ ಮೇಲಿನಕ್ಕನೇ ಎಲ್ಲ ತಿಳಿಸಿದಳು. ಇನ್ನು ಪರೀಕ್ಷೆಯ ವಿಷಯ. ಅದನ್ನು ಬರೆಯಲೇ ನಾಚಿಕೆ, ಆದರೂ ಬರೆಯುತ್ತೇನೆ. ಮಲವನ್ನು ಒಂದು ಸಣ್ಣ ಡಬ್ಬಿಯಲ್ಲಿ ಒಯ್ದು ಕೊಡಬೇಕಿತ್ತು. ನಿಮ್ಮ ತಾತನ ಎದುರಿಗೂ ನಾನು ಕಾಲು ಚಾಚಿ ಕೂತವಳಲ್ಲ. ಆ ಡಬ್ಬಿಯನ್ನು ಕವರಿನಲ್ಲಿ ಸುತ್ತಿ, ಮೇಲೆ ಇನ್ನೊಂದು ಕವರು ಸುತ್ತಿ, ಬಟ್ಟೆಯ ಚೀಲದಲ್ಲಿ ಹಾಕಿ, ಆಟೋದಲ್ಲಿ ನಿಮ್ಮಪ್ಪನ ಪಕ್ಕ ಕೂತೆ.  ಜಯನಗರದವರೆಗೂ ಅವನು ಎದುರಿನ ಬಸ್ಸಿನ ಹಿಂಭಾಗವನ್ನೇ ನೋಡುತ್ತಿದ್ದ. ಲ್ಯಾಬಿನ ಕೌಂಟರಿನಲ್ಲಿ ಆ ಕಡೆಯಿದ್ದ ಹೆಣ್ಣುಮಗಳು ಕೈ ಚಾಚಿದಳು. ಚೀಲದ ಗಂಟು ಬಿಚ್ಚಲು ನನಗೆ ಬೆರಳು ಬರಲಿಲ್ಲ. “ಕೊಡಿ ಆಂಟಿ, ಇದು ನಮ್ ದಿನದ ಕೆಲಸ,” ಎಂದು ಅವಳೇ ಬಿಚ್ಚಿಕೊಂಡಳು. ಅವಳು ಚೆನ್ನಾಗಿರಲಿ.

ಒಂದು ಸಲಕ್ಕೆ ಮುಗಿಯಲಿಲ್ಲ. ಕ್ರಿಮಿ ಒಂದು ದಿನ ಬರುತ್ತದೆ, ಒಂದು ದಿನ ಬರುವುದಿಲ್ಲ ಎಂದು ಮತ್ತೆ ಮತ್ತೆ ಕೊಡಿಸಿದರು. ಮೊದಲ ಸಲ ಏನೂ ಸಿಗಲಿಲ್ಲ. ನಿಮ್ಮಪ್ಪನಿಗೆ ಎಷ್ಟು ಖುಷಿ ಎಂದರೆ ಬರುವಾಗ ದಾರಿಯಲ್ಲಿ ಮೈಸೂರು ಪಾಕು ತಂದ. ಅದರ ಮುಂದಿನ ಸಲ ಸಿಕ್ಕಿತು.

ಮೇಲಿನಕ್ಕ ತನ್ನ ಕಾಲೇಜಿನಲ್ಲಿ ಪಾಠಕ್ಕೆ ಬೆಳೆಸಿದ ತಟ್ಟೆಯ ಚಿತ್ರ ತೋರಿಸಿದಳು. ನನ್ನದಲ್ಲ, ಆದರೆ ಅದೇ ಜಾತಿಯ ಕ್ರಿಮಿ. ಕಡಲಪಾಚಿಯಿಂದ ಮಾಡಿದ, ಹಾಲುಬಾಯಿಯ ಹಾಗೆ ಹೆಪ್ಪುಗಟ್ಟಿದ ತೆಳು ಪದರ. ಅದರ ಮೇಲೆ ಕಪ್ಪು ಚುಕ್ಕಿಗಳು, ಒಗ್ಗರಣೆಯ ಸಾಸಿವೆ ಚೆಲ್ಲಿದಂತೆ. ಒಂದೊಂದು ಚುಕ್ಕಿಯೂ ಒಂದೇ ಕ್ರಿಮಿಯಿಂದ ಹುಟ್ಟಿ ಬೆಳೆದ ವಂಶವಂತೆ. ಒಳ್ಳೆಯ ಹೊಟ್ಟೆಯಲ್ಲೂ ಕೋಟಿ ಕ್ರಿಮಿಗಳು ಇರುತ್ತವೆ, ಅವುಗಳ ನಡುವೆ ಇದೊಂದನ್ನು ಹುಡುಕಬೇಕು, ಅದಕ್ಕೇ ಬೇರೆಯವು ಬೆಳೆಯದಂತೆ, ಇದು ಮಾತ್ರ ಕಪ್ಪಾಗಿ ಕಾಣುವಂತೆ ಆ ಪದರಕ್ಕೆ ಏನೇನೋ ಬೆರೆಸುತ್ತಾರೆ ಎಂದಳು. ನಾನು ಬಹಳ ಹೊತ್ತು ನೋಡಿದೆ. ಅಸಹ್ಯವಾಗುತ್ತದೆ ಎಂದುಕೊಂಡಿದ್ದೆ. ಆಯಾಸವಾಯಿತು ಅಷ್ಟೆ.

ಡಾಕ್ಟರು ಒಳ್ಳೆಯವರು, ಮೆದು ಮಾತಿನವರು. ಸ್ಕ್ಯಾನ್ ಮಾಡಿಸಿ ಪಿತ್ತಕೋಶದಲ್ಲಿ ಕಲ್ಲಿದೆ ಎಂದರು. “ಕಲ್ಲಿನ ಮೇಲೆ ಪಾಚಿ ಹಿಡಿದ ಹಾಗೆ ಇದು ಹಿಡ್ಕೊಂಡಿರುತ್ತೆ ಅಮ್ಮಾ. ಮೊದಲು ಮಾತ್ರೆ ನೋಡೋಣ. ವಾಸಿ ಆಗೋವರೆಗೂ ನೀವು ಯಾರಿಗೂ ಅಡುಗೆ ಮಾಡಬಾರದು, ಬಡಿಸಬಾರದು.”

“ಬಿಸಿಬಿಸಿ ಅಡುಗೆ ಮಾಡಿದ್ರೆ ಪರವಾಗಿಲ್ವಾ ಸಾರ್?” ಎಂದು ನಿಮ್ಮಪ್ಪ ಕೇಳಿದ. ನನ್ನ ಮುಖ ನೋಡಿ ಕೇಳಿದ್ದು ಅದು.

“ಅಡುಗೆ ಕುದಿಸ್ಬೋದು. ಕೈ ಕುದಿಸೋಕಾಗುತ್ತಾ?”

ಮನೆಗೆ ಬಂದ ಮೇಲೆ ನಿಮ್ಮಮ್ಮ ಬಾಗಿಲ ಬಳಿ ನಿಂತು, ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಾ ಬಿಚ್ಚುತ್ತಾ ಹೇಳಿದಳು. “ಅತ್ತೆ, ಅಡುಗೆಮನೆಗೆ ಬರ್ಬೇಡಿ ಅಂತ ನಾನು ಹೇಳ್ತಿಲ್ಲ. ಡಾಕ್ಟ್ರು ಹೇಳ್ತಿರೋದು.”

“ಗೊತ್ತು ಕಣವ್ವ.”

“ಮಕ್ಕಳಿಗೆ ಕೈನೋವು ಅಂದಿದೀನಿ. ಸ್ಕೂಲಲ್ಲಿ ಹೋಗಿ ಹೇಳ್ಬಿಟ್ರೆ ಕಷ್ಟ. ಯಾರೂ ಮನೆಗೆ ಬರಲ್ಲ.”

“ಹಂಗೇ ಅನ್ನು.”

ನನಗೆಂದು ಹಿಂದಿನ ಬಾತ್‌ರೂಮನ್ನು ಬಿಟ್ಟುಕೊಟ್ಟರು. ಅಲ್ಲಿ ಹೊಸ ಸೋಪು, ಉಗುರು ಉಜ್ಜುವ ಬ್ರಷ್ಷು ಬಂತು. ನೀವಿಬ್ಬರೂ ಲಸಿಕೆ ಚುಚ್ಚಿಸಿಕೊಂಡು ಅತ್ತಿರಿ. ಮೇಲಿನಕ್ಕ ನನಗೆ ಕೈ ತೊಳೆಯುವುದನ್ನು ಹೇಳಿಕೊಟ್ಟಳು. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ. ಅವಳು ಎಷ್ಟು ಗಂಭೀರವಾಗಿ ತೋರಿಸುತ್ತಿದ್ದಳೆಂದರೆ, ಮುದುಕಿಗೆ ಮೊದಲ ಸಲ ಅಕ್ಷರ ಬರೆಸಿದಂತೆ. ನಾನು ಹುಟ್ಟಿದಾಗಿನಿಂದ ಕೈ ತೊಳೆದವಳೇ. ನನ್ನಷ್ಟು ಶುಚಿ ಯಾರೂ ಇಲ್ಲ ಎಂದು ನಿಮ್ಮ ತಾತ ಹೇಳುತ್ತಿದ್ದರು. ಅದನ್ನು ನೆನೆಯುತ್ತಾ ಆ ಬ್ರಷ್ಷು ಹಿಡಿದು ಉಗುರು ಉಜ್ಜುತ್ತಿದ್ದೆ.

ನಿಮ್ಮಮ್ಮನ ಕಷ್ಟವೂ ಬರೆಯಬೇಕು, ಇಲ್ಲದಿದ್ದರೆ ಅನ್ಯಾಯ. ಬೆಳಿಗ್ಗೆ ಎದ್ದು ಅಡುಗೆ ಮುಗಿಸಿ, ನಿಮ್ಮನ್ನು ಕಳಿಸಿ, ಜಯನಗರದ ಆಫೀಸಿಗೆ ಬಸ್ಸು ಹಿಡಿಯಬೇಕು. ಸಂಜೆ ಬಂದು ಮತ್ತೆ ಒಲೆ. ಮದುವೆಯಾಗಿ ಬಂದಾಗಿನಿಂದ ಸಾರು ನಾನೇ ಮಾಡುತ್ತಿದ್ದೆ, ಅವಳಿಗೆ ಕೈ ಕೂತಿರಲಿಲ್ಲ.

“ಇದೇನು ಸಾರಾ, ಸಂಪಿನ ನೀರಾ?” ಎಂದು ನಿಮ್ಮಪ್ಪ ಒಂದು ದಿನ ಅಂದ.

“ನಾಳೆಯಿಂದ ನೀವೇ ಮಾಡಿ. ನಾನು ಕಾಲು ಚಾಚ್ಕೊಂಡು ಕೂತು ಕಾಮೆಂಟ್ರಿ ಹೇಳ್ತೀನಿ.”

“ನಾನು ಮಾಡಿದ್ರೆ ಟೈಫಾಯ್ಡೇ ಬೇಕಾಗಿಲ್ಲ.”

ತಮಾಷೆಗೆ ಅಂದದ್ದೇ. ಅಂದ ಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ನಾನು ನನ್ನ ತಟ್ಟೆ ಎತ್ತಿಕೊಂಡು ಹಿಂದಕ್ಕೆ ಹೋದೆ. ಆಮೇಲೆ ಕೆಲವು ದಿನ ಅಡುಗೆಮನೆಯ ಹೊಸ್ತಿಲ ಈಚೆ ಕೂತು ಹೇಳಿಕೊಡಲು ನೋಡಿದೆ. ಹುಳಿ ಆಮೇಲೆ ಹಾಕವ್ವ, ಉರಿ ಸಣ್ಣ ಮಾಡವ್ವ ಎನ್ನುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಅವಳ ಬೆನ್ನು ನೋಡಿದರೆ ದಣಿವು ಗೊತ್ತಾಗುತ್ತಿತ್ತು. ಇನ್ನೊಂದು ಮಾತು ಅದರ ಮೇಲೆ ಹೇರುವುದು ಬೇಡ ಎನಿಸಿ ಅಲ್ಲಿ ಕೂರುವುದನ್ನೂ ಬಿಟ್ಟೆ. ಹೂ ಕಟ್ಟಿದೆ, ಬಟ್ಟೆ ಮಡಚಿದೆ. ನೀವು ಅದನ್ನೇ ನೋಡಿ ಕೋಪಿಸಿಕೊಂಡಿರಿ.

ಮಾತ್ರೆ ಒಂದು ತಿಂಗಳು ನುಂಗಿದೆ. ಬಾಯೆಲ್ಲ ಕಹಿ, ಕಾಲಿನ ನರವೆಲ್ಲ ಸೆಳೆತ. ಮುಗಿದ ಮೇಲೆ ಪರೀಕ್ಷೆ ಮಾಡಿದರೆ ಕ್ರಿಮಿ ಇರಲಿಲ್ಲ. ಮನೆಯವರೆಲ್ಲ ಉಸಿರು ಬಿಟ್ಟರು. ಇನ್ನೂ ಕೆಲವು ವಾರ ಕಾದು ಮತ್ತೊಮ್ಮೆ ನೋಡಿದರು. ಮತ್ತೆ ಬಂದಿತ್ತು. ಆ ದಿನ ಲ್ಯಾಬಿನಿಂದ ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆ.  ಒಂದರ ಹಿಂದೆ ಒಂದು ಬಸ್ಸು ಹೋದವು. ನಿಮ್ಮಪ್ಪ ಪಕ್ಕದಲ್ಲಿ ನಿಂತಿದ್ದ. “ಸಾಕು ಬಿಡಪ್ಪ. ಹಿಂದಿನ ರೂಮಲ್ಲಿ ನನ್ನಷ್ಟಕ್ಕೆ ಇದ್ಬಿಡ್ತೀನಿ,” ಎಂದೆ.

“ಆಯ್ತು, ಇರು,” ಎಂದ ಅವನು. ಇನ್ನೊಂದು ಬಸ್ಸು ಹೋದ ಮೇಲೆ, “ನಿನ್ ಸೊಸೆ ಸಾರು ಕುಡ್ದು ಕುಡ್ದು ನಾನು ಸತ್ತೋದ್ರೆ ನಿಂದೇ ಜವಾಬ್ದಾರಿ,” ಎಂದ. ನನಗೆ ನಗು ಬಂತು. ಎದ್ದೆ.

ಆಪರೇಷನ್ ಮಾಡಿ ಪಿತ್ತಕೋಶವನ್ನೇ ತೆಗೆದರು. ಜೊತೆಗೆ ಮತ್ತೆ ಮಾತ್ರೆ. ಆಗ ನಿಮಗೆ ಅಜ್ಜಿಯ ಹೊಟ್ಟೆಯಲ್ಲಿ ಕಲ್ಲು ಎಂದು ಹೇಳಿದ್ದರು, ಅದು ಸುಳ್ಳಲ್ಲ. ಮೇಲಿನಕ್ಕ ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತು ಪರೀಕ್ಷೆಗೆ ಓದಿಕೊಂಡಳು. ವಿಷಮಶೀತದ ಪ್ರಶ್ನೆ ಬಂದೇ ಬರುತ್ತದೆ, ಬಂದರೆ ನಿಮ್ಮ ಹೆಸರಲ್ಲಿ ಬರೆಯುತ್ತೇನೆ ಎಂದಳು. ಬರಲಿಲ್ಲವಂತೆ. ಕ್ಷಯದ ಪ್ರಶ್ನೆ ಬಂತಂತೆ. ಆದರೂ ಪಾಸಾದಳು. ಈಗ ಅವಳು ನಿಜವಾದ ಡಾಕ್ಟರಾಗಿ ಬೇರೆ ಊರಿನಲ್ಲಿದ್ದಾಳೆ. ಹೊರಡುವಾಗ ಕ್ಯಾರಿಯರ್ ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟು, “ಇದು ನಿಜವಾದ ಕ್ಯಾರಿಯರ್ ಅಜ್ಜಿ,” ಎಂದಿದ್ದಳು.

ಆಪರೇಷನ್ ಆದ ಮೇಲೂ ತಿಂಗಳುಗಟ್ಟಲೆ ಡಬ್ಬಿ ಒಯ್ದು ಕೊಟ್ಟೆ. ಒಂದು ಸಲ ಇಲ್ಲ ಎಂದರು. ಬಿಟ್ಟು ನೋಡಿ ಮತ್ತೆ ಇಲ್ಲ ಎಂದರು. ಮೈಸೂರು ಪಾಕು ತರಲು ಈಗ ಯಾರಿಗೂ ಧೈರ್ಯವಿರಲಿಲ್ಲ. ದೊಡ್ಡವಳೇ, ಕೊನೆಯ ರಿಪೋರ್ಟು ಬಂದ ದಿನ ನೀನು ಅದನ್ನು ಎತ್ತಿಕೊಂಡು ಓದಿದ್ದು ನೆನಪಿದೆಯಾ? ಅದರಲ್ಲಿ ನೋ ಗ್ರೋತ್, ಅಂದರೆ ಏನೂ ಬೆಳೆದಿಲ್ಲ, ಎಂದು ಬರೆದಿದ್ದರಂತೆ. “ಅಜ್ಜಿ, ನೀನಿನ್ನು ಬೆಳೆಯಲ್ವಂತೆ. ಇಷ್ಟೇ ಉದ್ದ ಇರ್ತೀಯಂತೆ,” ಎಂದು ನಕ್ಕೆ ನೀನು. ನಿಮ್ಮಮ್ಮ ನಿನ್ನ ಕೈಯಿಂದ ಕಾಗದ ಕಿತ್ತುಕೊಂಡು ತಾನೂ ಓದಿದಳು, ನಿಂತಲ್ಲೇ ಮತ್ತೊಮ್ಮೆ ಓದಿದಳು. ಇನ್ನು ಅಡುಗೆ ಮಾಡಬಹುದು, ಸೋಪು ಬಿಡಬಾರದು ಎಂದು ಡಾಕ್ಟರು ಹೇಳಿದ್ದನ್ನು ನಿಮ್ಮಪ್ಪ ತಿಳಿಸಿದ.

ಮಾರನೆಯ ದಿನ ಸಂಜೆ ನಾನು ಒಲೆಯ ಮುಂದೆ ನಿಂತೆ. ಡಬ್ಬಿಗಳೆಲ್ಲ ಜಾಗ ಬದಲಾಯಿಸಿದ್ದವು. ಸಾಸಿವೆ ಹುಡುಕಲು ನಾಲ್ಕು ಡಬ್ಬಿ ತೆಗೆದೆ. ತೊಗರಿಬೇಳೆ ಸಾರು ಮಾಡಿದೆ, ಅನ್ನ ಮಾಡಿದೆ. ಅಟ್ಟದಿಂದ ಬೋಗುಣಿ ಇಳಿಸಿ ತೊಳೆದೆ. ಕೈ ತೊಳೆದೆ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು. ಒರೆಸಿಕೊಂಡು, ಮತ್ತೆ ಹೋಗಿ ತೊಳೆದೆ.

ಹಜಾರದಲ್ಲಿ ಬಂದು ಕೂತು ಅನ್ನ ಕಲಸಿದೆ. ನೀವಿಬ್ಬರೂ ಟಿವಿ ಮುಂದೆ ಇದ್ದಿರಿ. ಒಂದು ವರ್ಷದಲ್ಲಿ ಚಮಚದಲ್ಲಿ ತಿನ್ನುವುದನ್ನು ಕಲಿತಿದ್ದಿರಿ, ನಿಮಗೆ ಅದೇ ಅಭ್ಯಾಸವಾಗಿತ್ತು. ಕರೆಯಲು ಹೊರಟು ತಡೆದುಕೊಂಡೆ. ಕಲಸಿದ ಅನ್ನ ನೋಡುತ್ತಾ ಕೂತೆ. ರಿಪೋರ್ಟು ತ‍ಪ್ಪಾಗಿದ್ದರೆ? ಅದು ಒಂದು ದಿನ ಬರುತ್ತದೆ, ಒಂದು ದಿನ ಬರುವುದಿಲ್ಲವಲ್ಲ. ಈ ಚಿಕ್ಕವಳ ಸಣ್ಣ ಕೈಗೆ ಮತ್ತೆ ಸೂಜಿ ಚುಚ್ಚಿದರೆ? ಬೋಗುಣಿ ಎತ್ತಿಕೊಂಡು ಎದ್ದುಬಿಡೋಣ ಎಂದು ಮೊಣಕಾಲು ಊರಿದೆ.

ಅಷ್ಟರಲ್ಲಿ ನಿಮ್ಮಮ್ಮ ಆಫೀಸಿನಿಂದ ಬಂದಳು. ಚಪ್ಪಲಿ ಬಿಟ್ಟು, ಬ್ಯಾಗನ್ನು ಕುರ್ಚಿಯ ಮೇಲೆ ಎಸೆದು, ಕೈಕಾಲು ತೊಳೆದು ಬಂದಳು. ನನ್ನನ್ನು ನೋಡಿದಳು, ಬೋಗುಣಿ ನೋಡಿದಳು. ನನ್ನ ಎದುರಿಗೆ ನೆಲದ ಮೇಲೆ ಕೂತು ಅಂಗೈ ಚಾಚಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಒಂದು ದಿನವೂ ಹಾಗೆ ಕೂತವಳಲ್ಲ.

ನಿಮಗೆ ಕೊಡುವ ಮೊದಲು ತಾನು ತಿಂದು ನೋಡಲು ಕೂತಳೋ, ನನ್ನ ಮೇಲಿನ ನಂಬಿಕೆಗೆ ಕೂತಳೋ, ಬರೀ ಹಸಿವಿಗೆ ಕೂತಳೋ, ನಾನು ಇಂದಿಗೂ ಕೇಳಿಲ್ಲ. ತುತ್ತು ಇಟ್ಟೆ. ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದಳು. ಇನ್ನೊಂದು ಎಂದು ಕೈ ಚಾಚಿದಳು. ಅದನ್ನು ನೋಡಿ ಚಿಕ್ಕವಳು ಬಂದು ಅವಳ ಪಕ್ಕ ತೂರಿಕೊಂಡು ಕೂತಳು. ದೊಡ್ಡವಳು ಟಿವಿ ಆರಿಸಲಿಲ್ಲ, ಆದರೆ ಬಂದಳು.

“ಉಪ್ಪು ಕಮ್ಮಿ ಆಗಿದೆ ಅತ್ತೆ,” ಎಂದಳು ನಿಮ್ಮಮ್ಮ. “ಮರ್ತೋಗಿದೆ ನಿಮಗೆ.”

“ಹೂಂ ಕಣವ್ವ, ತತ್ತೀನಿ,” ಎಂದು ಎದ್ದೆ.